ಮಗಳ ಮನೆಯೂ ನೀರಿನ ದಾರಿಯೂ

"ಮಳೆ ಹಿಡಿಯೋಕ್ ಮುಂಚೆ ಮಣ್ಣು ಹೊಡೆಸ್ಬಿಡ್ಬೇಕು." 2006ರ ಬೇಸಿಗೆಯಲ್ಲಿ ಕೆ.ಆರ್. ಪುರದ ಆಚೆಯ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಮಣ್ಣು ತುಂಬಿದ ಲಾರಿಗಳು ಸಾಲಾಗಿ ಬರುತ್ತಿದ್ದವು. ತಗ್ಗುಗಳೆಲ್ಲ ಸೈಟುಗಳಾಗುತ್ತಿದ್ದವು.

ಮುನಿಆಂಜನಪ್ಪನವರೂ ಮಣ್ಣು ಹೊಡೆಸುತ್ತಿದ್ದರು. ಅವರ ಹೊಲವೆಲ್ಲ ಆಗಲೇ ಲೇಔಟ್ ಆಗಿತ್ತು. ಮನೆಯ ಹಿಂದೆ ಒಂದು ತಗ್ಗು ಜಾಗ ಉಳಿದಿತ್ತು. ಅದರ ಅಂಚಿನಲ್ಲಿ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಹೋಗುವ ಹಳೆಯ ಕಾಲುವೆ. ಜಾಗದ ಜೊತೆಗೆ ಅದೂ ಮುಚ್ಚಿಹೋಗುತ್ತಿತ್ತು.

ಅವರಿಗೆ ದುರಾಸೆಯೇನೂ ಇರಲಿಲ್ಲ. ಮಗಳು ಧನಲಕ್ಷ್ಮಿಗೆ ಅಲ್ಲೊಂದು ಮನೆ ಕಟ್ಟಿಕೊಡಬೇಕಿತ್ತು, ಅಷ್ಟೇ. ಅವಳು ಗಂಡನ ಜೊತೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದಳು. ಮೊದಲ ಬಸಿರು ನಿಂತಿರಲಿಲ್ಲ. ಈಗ ಮತ್ತೆ ಏಳು ತಿಂಗಳು. ತವರಿಗೆ ಬಂದಿದ್ದಳು. "ಈ ಸಲ ಮಗಳನ್ನ ದೂರ ಕಳ್ಸಲ್ಲ. ಮಗು ನನ್ ಕಣ್ ಮುಂದೇನೇ ಬೆಳೀಬೇಕು" ಎಂದು ಹೆಂಡತಿ ಆಂಜನಮ್ಮನ ಹತ್ತಿರ ಆಗಾಗ ಹೇಳುತ್ತಿದ್ದರು.

ಒಂದು ಭಾನುವಾರ ಧನಲಕ್ಷ್ಮಿಯನ್ನು ನೋಡಲು ನಾಜಿಶ್ ಬಂದಳು. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಾಜಿಶ್ ಶಿವಾಜಿನಗರದ ಹುಡುಗಿ. ಬರುವಾಗ ರಸೆಲ್ ಮಾರ್ಕೆಟ್‌ನಿಂದ ಮೂಸಂಬಿ, ದಾಳಿಂಬೆ, ಎರಡು ಮೊಳ ಮಲ್ಲಿಗೆ ತಂದಿದ್ದಳು. ಗೆಳತಿಗೆ ತಾನೇ ಹೂ ಮುಡಿಸಿ, ಅವಳ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು, "ಒದೀತಿದೆ ಕಣೇ!" ಎಂದು ನಕ್ಕಳು.

ಆಗ ಹಿತ್ತಿಲಲ್ಲಿ ಲಾರಿ ಮಣ್ಣು ಸುರಿದ ಸದ್ದಾಯಿತು. ನಾಜಿಶ್ ಎದ್ದು ಹೋಗಿ ನೋಡಿದಳು.

"ಅಂಕಲ್, ಇದು ಕಾಲುವೆ ಅಲ್ವಾ?"

"ಎಂಥ ಕಾಲುವೆ ತಾಯಿ? ಹೋದ್ ವರ್ಷ ಅಷ್ಟ್ ಮಳೆ ಬಂತಲ್ಲ, ಆಗ ಸ್ವಲ್ಪ ನೀರು ಹರೀತು. ನನ್ ಜಾಗ ಎತ್ತರ ಮಾಡ್ಬಿಟ್ರೆ ಅದೂ ಬರಲ್ಲ."

"ನಿಮ್ ಜಾಗಕ್ಕೆ ಬರಲ್ಲ, ಸರಿ. ಮತ್ತೆ ಎಲ್ಲಿಗೆ ಹೋಗುತ್ತೆ?"

ಮುನಿಆಂಜನಪ್ಪ ಮನೆಯ ಕಡೆ ತಿರುಗಿದರು. "ಬಿಸಿಲಲ್ಲಿ ನಿಂತ್ಕೋಬೇಡಮ್ಮ, ಒಳಗೆ ಬಾ" ಎಂದರು.

ನಾಜಿಶ್ ಉಪಗ್ರಹದ ಚಿತ್ರಗಳನ್ನು ಓದುವ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಆಫೀಸಿನಲ್ಲಿ ಒಪ್ಪಿಗೆ ಪಡೆದು, ಮಣ್ಣು ಬೀಳುವ ಮೊದಲು ತೆಗೆದ ಆ ಊರಿನ ಒಂದು ದೊಡ್ಡ ಚಿತ್ರವನ್ನು ಮುಂದಿನ ಭಾನುವಾರ ತಂದಳು. ಜೊತೆಗೆ ರಟ್ಟಿನ ಕನ್ನಡಕ. ಒಂದು ಗಾಜು ಕೆಂಪು, ಇನ್ನೊಂದು ನೀಲಿ. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಪಕ್ಕದ ಬೀದಿಯ ಬಾಲಮ್ಮನೂ ಇದ್ದಳು. ಸಂತೆಯಲ್ಲಿ ಸೊಪ್ಪು ಮಾರುವವಳು. ಬಸುರಿಗೆಂದು ದಂಟಿನ ಸೊಪ್ಪು ಕೊಡಲು ಬಂದಿದ್ದಳು.

"ಆಕಾಶದಿಂದ ತೆಗೆದ ಫೋಟೋದಲ್ಲಿ ನಮ್ಮೂರ ತಗ್ಗು ದಿಣ್ಣೆ ಗೊತ್ತಾಗುತ್ತಾ? ನಾನು ಹುಟ್ಟಿ ಬೆಳೆದ ಜಾಗ ಇದು" ಎಂದರು ಮುನಿಆಂಜನಪ್ಪ.

"ಅಂಕಲ್, ಈ ಪೆನ್ ಹಿಡ್ಕೊಳ್ಳಿ. ಕೈ ದೂರ ಚಾಚಿ. ಒಂದು ಕಣ್ಣು ಮುಚ್ಚಿ ಕ್ಯಾಪ್ ಹಾಕಿ ನೋಡೋಣ."

ಕ್ಯಾಪು ಪೆನ್ನಿನ ಪಕ್ಕದಲ್ಲೇ ಜಾರಿ ಹೋಯಿತು. ಇನ್ನೊಮ್ಮೆಯೂ ಹಾಗೇ ಆಯಿತು. ಆಂಜನಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು.

"ಈಗ ಎರಡೂ ಕಣ್ಣು ಬಿಡಿ."

ಕ್ಯಾಪು ಸರಿಯಾಗಿ ಕೂತಿತು.

"ಹತ್ತಿರ, ದೂರ, ಎತ್ತರ, ತಗ್ಗು ಚೆನ್ನಾಗಿ ತಿಳಿಯೋಕೆ ಎರಡು ಕಣ್ಣು ಬೇಕು. ಹೋದ್ ವರ್ಷ ಮೇಲಕ್ಕೆ ಹೋಯ್ತಲ್ಲ ಕಾರ್ಟೋಸ್ಯಾಟ್, ನಮ್ಮ ದೇಶದ್ದೇ ಉಪಗ್ರಹ, ಅದಕ್ಕೂ ಎರಡು ಕ್ಯಾಮೆರಾ. ಒಂದು ಮುಂದಕ್ಕೆ ನೋಡುತ್ತೆ, ಒಂದು ಹಿಂದಕ್ಕೆ. ಒಂದೇ ಜಾಗನ ಎರಡು ಕಡೆಯಿಂದ ತೆಗೆದು ಸೇರಿಸಿದ್ರೆ ಎತ್ತರ ಸಿಗುತ್ತೆ. ಈ ಕನ್ನಡಕದ ಕೆಂಪು ಗಾಜು ಒಂದು ಕಣ್ಣಿಗೆ ಒಂದು ಚಿತ್ರ ತೋರ್ಸುತ್ತೆ, ನೀಲಿ ಗಾಜು ಇನ್ನೊಂದು ಕಣ್ಣಿಗೆ ಇನ್ನೊಂದು."

"ಮುಂಚೆ ಇರ್ಲಿಲ್ವಾ ಇದು?" ಧನಲಕ್ಷ್ಮಿ ಕೇಳಿದಳು.

"ಎಂಬತ್ತೆಂಟರಲ್ಲಿ ನೆಲದ ಚಿತ್ರ ಸತತವಾಗಿ ಕಳ್ಸೋ ನಮ್ಮ ಮೊದಲನೇ ಉಪಗ್ರಹ ಹೋಯ್ತು. ಆಗ ಒಂದು ಹೊಲ ಅಂದ್ರೆ ಒಂದು ಚುಕ್ಕಿ ಅಷ್ಟೇ ಕಣೇ. ರಷ್ಯಾದವರ ರಾಕೆಟ್‌ನಲ್ಲಿ ಕಳ್ಸಿದ್ವಿ. ಈಗ ನಮ್ಮದೇ ರಾಕೆಟ್. ಒಂದೊಂದು ಮನೇನೂ ಕಾಣುತ್ತೆ."

ಮುನಿಆಂಜನಪ್ಪ ರಟ್ಟಿನ ಕನ್ನಡಕ ಹಾಕಿ ಬಗ್ಗಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಮ್ಮೆಲೇ ಕೆರೆಯ ಏರಿ ಕಾಗದದಿಂದ ಮೇಲೆದ್ದಿತು. ಅವರು ಬೆಚ್ಚಿ ಕೈ ಚಾಚಿ ಅದನ್ನು ಮುಟ್ಟಲು ಹೋದರು.

"ಅಯ್ಯೋ! ಏರಿ ಕಣೇ, ಆಂಜನಾ! ನಮ್ ಕೆರೆ ಏರಿ!"

"ಅಲ್ಲಿಂದ ಕಾಲುವೆ ಹಿಡ್ಕೊಂಡು ಕೆಳಗೆ ಬನ್ನಿ ಅಂಕಲ್."

ಅವರ ಬೆರಳು ಸಣ್ಣ ಪಟ್ಟಿಯಂತಿದ್ದ ತಗ್ಗಿನ ಮೇಲೆ ಜಾರುತ್ತ ತಮ್ಮ ಹಿತ್ತಿಲಿಗೆ ಬಂದು ನಿಂತಿತು.

"ಇಲ್ಲಿ ಮಣ್ಣು ಬಿತ್ತು ಅಂದ್ಕೊಳ್ಳಿ. ನೀರು ಯಾವ ಕಡೆ ತಿರುಗುತ್ತೆ?"

ಬೆರಳು ಪಕ್ಕಕ್ಕೆ ಸರಿಯಿತು. ಅಲ್ಲೊಂದು ಬೀದಿ ತಟ್ಟೆಯಂತೆ ತಗ್ಗಾಗಿ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ಬಾಲಮ್ಮನ ಮುಖ ನೋಡಿದರು.

"ಇದು ನಿನ್ ಬೀದಿ ಬಾಲಮ್ಮ."

ಬಾಲಮ್ಮ ಬಿಚ್ಚುತ್ತಿದ್ದ ಸೊಪ್ಪಿನ ಕಂತೆ ಕೆಳಗಿಟ್ಟಳು. "ನಂಗೊತ್ತಿತ್ತು ಅಣ್ಣ. ಮಗಳಿಗೆ ಅಂತ ಕಟ್ತಾ ಇದ್ದೀರ. ಬಾಯಿ ಬಿಟ್ಟು ಹೆಂಗೆ ಹೇಳ್ಲಿ?" ಎಂದಳು.

ಮುನಿಆಂಜನಪ್ಪ ಕನ್ನಡಕವನ್ನು ಚಾಪೆಯ ಮೇಲಿಟ್ಟರು. ಆಮೇಲೆ ಧನಲಕ್ಷ್ಮಿಯೇ ಹತ್ತಿರ ಬಂದು ಕೂತಳು. "ಅಪ್ಪಾ, ಬಾಲಮ್ಮತ್ತೆ ಮನೆಗೆ ನೀರು ನುಗ್ಸಿ ನಾನು ಹೆಂಗಪ್ಪಾ ಮಗೂನ ಮಲಗಿಸ್ಲಿ? ನಂಗೆ ನಿಮ್ ಮನೆ ಮಾಳಿಗೆ ಸಾಕು. ಮೇಲೆ ಎರಡು ರೂಮ್ ಹಾಕ್ಸಿ."

ಮುನಿಆಂಜನಪ್ಪ ಮಗಳ ತಲೆ ಸವರಿದರು. ಲಾರಿಯವನಿಗೆ ಫೋನ್ ಮಾಡಿ ಬರಬೇಡ ಎಂದರು. ಮರುದಿನವೇ ಮಣ್ಣು ತೆಗೆಸಲು ಜೆಸಿಬಿ ಕರೆಸಿದರು. "ತಾನೇ ಹಾಕ್ಸಿ ತಾನೇ ತೆಗೆಸ್ತಾನೆ" ಎಂದು ಊರಿನ ಕೆಲವರು ಆಡಿಕೊಂಡರು.

ಅರ್ಧ ಮಣ್ಣು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಗುಡುಗಿತು. ಮಳೆ ಸುರಿಯಿತು. ನೋಡನೋಡುತ್ತ ಕೆಂಪು ನೀರು ಬಂದು ಉಳಿದ ಮಣ್ಣಿನ ಗುಡ್ಡೆಗೆ ಬಡಿದು, ನಾಜಿಶ್ ತೋರಿಸಿದ ಕಡೆಗೇ ತಿರುಗಿತು. ಬಾಲಮ್ಮನ ಹೊಸ್ತಿಲು ಮುಳುಗಿತು. ಒಳಗಿನಿಂದ ಅವಳ ಮೊಮ್ಮಗುವಿನ ಅಳು ಕೇಳಿಸಿತು. ಆಂಜನಮ್ಮ ಸೀರೆ ಎತ್ತಿಕಟ್ಟಿ ಓಡಿಹೋಗಿ ಮಗುವನ್ನು ಎತ್ತಿ ತಂದು ಧನಲಕ್ಷ್ಮಿಯ ಮಡಿಲಿಗೆ ಕೊಟ್ಟರು. ಜೆಸಿಬಿ ಕೆಸರಲ್ಲಿ ಹೂತಿತ್ತು. ಮುನಿಆಂಜನಪ್ಪ ಸನಿಕೆ ಹಿಡಿದು ಇಳಿದರು. ಆಡಿಕೊಂಡವರೂ ಗುದ್ದಲಿ ತಂದು ಪಕ್ಕದಲ್ಲಿ ನಿಂತರು. ಕೊನೆಗೆ ಮಣ್ಣು ಕುಸಿದು ದಾರಿಯಾಯಿತು. ನೀರು ಭೋರೆಂದು ಕೆಳಗಿನ ಕೆರೆಯತ್ತ ಓಡಿತು. ಬೀದಿಯ ನೀರು ನಿಧಾನವಾಗಿ ಇಳಿಯಿತು.

ಮೈಯೆಲ್ಲ ಕೆಸರಾಗಿದ್ದ ಮುನಿಆಂಜನಪ್ಪ ಬಾಲಮ್ಮನ ಮುಂದೆ ಕೈ ಮುಗಿದರು. ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ಬಿಡಣ್ಣ. ಮೊದ್ಲು ತಲೆ ಒರೆಸ್ಕೋ, ಶೀತ ಆಗ್ತದೆ" ಎಂದಳು.

ಮಳೆಗಾಲ ಮುಗಿಯುವ ಮೊದಲೇ ಧನಲಕ್ಷ್ಮಿಗೆ ಹೆಣ್ಣು ಮಗು ಹುಟ್ಟಿತು. ಮಾಳಿಗೆಯ ಕೋಣೆಗಳಿಗೆ ಆಗಿನ್ನೂ ಸುಣ್ಣ ಹೊಡೆದಿರಲಿಲ್ಲ. ಆದರೂ ಬಾಣಂತಿ, ಕೂಸು ಬೆಚ್ಚಗಿದ್ದರು. ಕಾಲುವೆ ಕೆಳಗೆ ತುಂಬಿ ಹರಿಯುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಸೈಟು ಕೊಳ್ಳುವ ಮೊದಲು, ಮಣ್ಣು ಹೊಡೆಸುವ ಮೊದಲು ಒಂದು ದಿನ ತಡೆಯಿರಿ. ಸರ್ವೆ ಕಚೇರಿಗೆ ಹೋಗಿ ಊರಿನ ನಕ್ಷೆ ಕೇಳಿ. ಕೆರೆ, ಕಾಲುವೆ ಎಲ್ಲಿವೆ ನೋಡಿ. ಉಪಗ್ರಹದ ಚಿತ್ರ ಓದಬಲ್ಲವರು ಗೊತ್ತಿದ್ದರೆ ಮನೆಗೆ ಕರೆದು, ಕಾಫಿ ಕೊಟ್ಟು, ತೋರಿಸಿ ಎಂದು ಕೇಳಿ. ನಾಚಿಕೆ ಬೇಡ. ನಮ್ಮ ದೇಶ ಆಕಾಶದಲ್ಲಿ ಕಣ್ಣಿಟ್ಟಿರುವುದು ನಮಗಾಗಿಯೇ. ಕಾಲುವೆ ಊರಿನ ಎಲ್ಲರದು. ಅದನ್ನು ಮುಚ್ಚಬೇಡಿ, ಮುಚ್ಚಿದ್ದರೆ ಈ ಮಳೆಗಾಲಕ್ಕೆ ಮುಂಚೆ ಬಿಡಿಸಿ. ನಿಮ್ಮ ಪಕ್ಕದ ಬೀದಿಯಲ್ಲೂ ಒಂದು ಮಗು ಮಲಗಿದೆ.