ಅಪರಂಜಿ ಅಕ್ಕನ ಉಂಗುರ

ಅಪರಂಜಿ ಅಕ್ಕ ಎಲ್ಲಿಗೆ ಹೋದರೂ ಮೊದಲು ಒಳಗೆ ಬರುತ್ತಿದ್ದದ್ದು ಅವಳ ಬಲಗೈ. ಅದು ಬಾಗಿಲ ಚೌಕಟ್ಟನ್ನು ಹಿಡಿದು ಒಂದು ಗಳಿಗೆ ನಿಲ್ಲುತ್ತಿತ್ತು. ಉಂಗುರದ ಕೆಂಪು ಹರಳಿಗೆ ಬೆಳಕು ತಾಗಿ, ಒಳಗಿದ್ದವರೆಲ್ಲ ನೋಡಿದರು ಎಂದು ಖಾತ್ರಿಯಾದ ಮೇಲೆ ಮಿಕ್ಕ ಮೈ ಹಿಂದಿನಿಂದ ಬರುತ್ತಿತ್ತು. "ಅಪ್ಪಟ ಅಪರಂಜಿ ಕಣ್ರೀ, ನಮ್ಮತ್ತೆಯದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿ ಹೇಳಿಯೇ ಆ ಹೆಸರು ಅಂಟಿಕೊಂಡಿತ್ತು. ಬೀದಿಯವರು ಇಟ್ಟದ್ದು ಗೇಲಿಗೆ. ಅವಳ ಕಿವಿಗೆ ಬಿದ್ದಾಗ ಅವಳು ಹಿಗ್ಗಿ ಹೀರೇಕಾಯಿಯಾದಳು. ಗೇಲಿಯನ್ನು ಹೊಗಳಿಕೆ ಎಂದುಕೊಳ್ಳುವವರನ್ನು ಯಾರು ತಾನೆ ತಿದ್ದುತ್ತಾರೆ?

ಈ ಅಕ್ಕನ ವಾರಗಿತ್ತಿ ಹೊಲಿಗೆಯಮ್ಮ. ಅಣ್ಣನನ್ನು ಇವಳು ಕಟ್ಟಿಕೊಂಡರೆ ತಮ್ಮನನ್ನು ಅವಳು ಕಟ್ಟಿಕೊಂಡಿದ್ದಳು. ತಮ್ಮ ಬೇಗ ತೀರಿಕೊಂಡ. ಅಂದಿನಿಂದ ಬೀದಿಯ ತಿರುವಿನಲ್ಲಿ ಒಂದೇ ಕೋಣೆಯ ಅಂಗಡಿ ಇಟ್ಟು, ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಪರದೆ ಎಂದು ಹೊಲಿದು ಹೊಲಿದು ಮಗಳನ್ನು ಒಂದು ದಡ ಸೇರಿಸಿದ್ದಳು.

ಆ ಉಂಗುರದ ವಿಷಯ ಅವಳಿಗೆ ಅಂಗೈಯಷ್ಟು ಸ್ಪಷ್ಟವಾಗಿ ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ ಅತ್ತೆ ಕಣ್ಣು ಮುಚ್ಚುವ ವಾರ ಸೊಸೆಯರಿಬ್ಬರನ್ನೂ ಮಂಚದ ಬಳಿ ಕರೆದು, ಬೆರಳಿನಿಂದ ಬಿಚ್ಚಿ, "ಇದು ಚಿಕ್ಕವಳ ಮಗಳಿಗೆ. ಅವಳ ಮದುವೆ ದಿನ ಕೊಡಿ" ಎಂದಿದ್ದರು. ಉಂಗುರ ಇನ್ನೂ ಗಾಳಿಯಲ್ಲಿರುವಾಗಲೇ ದೊಡ್ಡವಳ ಕೈ ಅದರ ಕೆಳಗೆ ಬಂದಿತ್ತು. "ಅಲ್ಲಿವರೆಗೆ ನನ್ನ ಹತ್ರ ಇರ್ಲಿ. ನಿನ್ನ ಮನೆ ಬಾಗಿಲಿಗೆ ನೆಟ್ಟಗೆ ಒಂದು ಚಿಲಕ ಇಲ್ಲ." ಉಂಗುರ ದೊಡ್ಡವಳ ವಶದಲ್ಲಿರಲಿ ಎಂದು ಅಂದು ಒಂದು ಕಾಗದವೂ ಆಗಿತ್ತು. ಅದಕ್ಕೆ ಹೊಲಿಗೆಯಮ್ಮ ಹೆಬ್ಬೆಟ್ಟು ಒತ್ತಿದಳು, ಸಹಿ ಬರುತ್ತಿರಲಿಲ್ಲ. ಅದನ್ನೊಂದು ಹಾಸ್ಯಪ್ರಸಂಗ ಮಾಡಿಕೊಂಡು ಅಕ್ಕ ವರ್ಷಗಟ್ಟಲೆ ಊರೆಲ್ಲ ಹಂಚಿದಳು: "ನಮ್ಮನೇಲೊಬ್ಬಳು ಹೆಬ್ಬೆಟ್ಟು ರಾಣಿ ಇದಾಳೆ, ಮುಟ್ಟಿದ್ದೆಲ್ಲ ಮಸಿ!" ಆಮೇಲೆ ಹೊಲಿಗೆಯಮ್ಮ ಸಂಜೆ ತರಗತಿಗೆ ಹೋಗಿ ಅಕ್ಷರ ಕಲಿತಾಗಲೂ ಬಿಡಲಿಲ್ಲ. "ಈ ವಯಸ್ಸಲ್ಲಿ ಓದಿ ಏನು ಕಡಿದು ಕಟ್ಟೆ ಹಾಕ್ತೀಯೇ?"

ಹೊಲಿಗೆಯಮ್ಮ ಉತ್ತರ ಕೊಟ್ಟವಳಲ್ಲ. ಬಾಯಲ್ಲಿ ಸೂಜಿ ಕಚ್ಚಿಕೊಂಡು ಕೆಲಸ ಮಾಡುವವರಿಗೆ ಆ ಒಂದು ಅನುಕೂಲ ಉಂಟು.

ಈಗ ಆ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನು. ಅವನ ಅಕ್ಕ ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ನರ್ಸು, ನೇರ ಮಾತಿನ ಹೆಂಗಸು. ಮಾತುಕತೆಯ ದಿನ ಯಾರೂ ಕೇಳದಿದ್ದರೂ ಅಪರಂಜಿ ಅಕ್ಕ ಕೈ ಮುಂದೆ ಚಾಚಿ, "ಅಜ್ಜಿ ಉಂಗುರ ಇದೇ. ಮದುವೆ ದಿನ ಎಲ್ಲರೆದುರಿಗೆ ನಾನೇ ನನ್ನ ಕೈಯಾರೆ ತೊಡಿಸ್ತೀನಿ" ಎಂದು ಘೋಷಿಸಿದ್ದಳು. ಹುಡುಗಿ ಅಂದು ತಾನೇ ದುಡಿದು ಕೊಂಡಿದ್ದ ಗಿಲೀಟು ಉಂಗುರ ಹಾಕಿದ್ದಳು. ಅಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದು ಮೂಗು ಮುರಿದಳು.

"ಇದೇನೇ ತಗಡು?"

"ತಗಡೇ ದೊಡ್ಡಮ್ಮ. ಚೆನ್ನಾಗಿದೆ ಅಲ್ವಾ?"

ನರ್ಸು ನಕ್ಕಳು. ಅಕ್ಕ ನಗಲಿಲ್ಲ. ಗಿಲೀಟನ್ನು ಗಿಲೀಟು ಎಂದು ಒಪ್ಪಿಕೊಂಡು ತೊಡುವವರನ್ನು ಕಂಡರೆ ಅವಳಿಗೆ ಅದೇನೋ ಮೈಯೆಲ್ಲ ಉರಿ.

ಮದುವೆಗೆ ಹನ್ನೆರಡು ದಿನ ಇರುವಾಗ ಒಂದು ಬೆಳಿಗ್ಗೆ ಅಕ್ಕನ ಬಲಗೈ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಕಾಣಿಸಿತು. ಎಡಗಂಕುಳಲ್ಲಿ ಹಳೇ ಪರದೆಗಳ ಗಂಟು. ಅಟ್ಟದಲ್ಲಿ ಎಷ್ಟು ವರ್ಷ ಬಿದ್ದಿದ್ದವೋ, ದೂಳು ಉದುರುತ್ತಿತ್ತು.

"ತಗೋ. ಹುಡುಗಿಯ ಹೊಸ ಮನೆಗೆ ನನ್ನ ಉಡುಗೊರೆ. ಅಂಚು ಹರಿದಿದೆ, ನೀನೇ ಮಡಚಿ ಹೊಲ್ಕೋ. ಬಟ್ಟೆ ಮಾತ್ರ ಭಾರಿ ಬಟ್ಟೆ!"

"ಆಗಲಿ ಅಕ್ಕ. ಕೂತ್ಕೊಳ್ಳಿ."

ಅಕ್ಕ ಕೂತು, ಅಂಗೈ ಕೆಳಗೆ ಮಾಡಿ ಉಂಗುರ ಮೇಲೆ ಬರುವಂತೆ, ಬಲಗೈಯನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ಹೊಲಿಗೆಯಮ್ಮನ ಮೇಜಿನ ಮೇಲೆ ಕೆಟ್ಟುಹೋದ ಸ್ಪೀಕರಿನಿಂದ ಕಳಚಿದ ದುಂಡನೆಯ ಒಂದು ಅಯಸ್ಕಾಂತ ಸದಾ ಇರುತ್ತಿತ್ತು. ನೆಲಕ್ಕೆ ಬಿದ್ದ ಗುಂಡುಸೂಜಿ ಆಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅದರ ಮೈತುಂಬ ಸೂಜಿಗಳು ಮುಳ್ಳುಹಂದಿಯ ಹಾಗೆ ನಿಂತಿದ್ದವು. ಅಕ್ಕನ ಕೈ ಮಾತಿನ ಭರದಲ್ಲಿ ಅದರ ಹತ್ತಿರ ಸರಿದಾಗ ಸೂಜಿಗಳ ತಲೆಗಳು ಮೆಲ್ಲಗೆ ಉಂಗುರದ ಕಡೆ ವಾಲಿದವು. ಎರಡು ಸೂಜಿ ಟಕ್ಕೆಂದು ಹಾರಿ ಉಂಗುರಕ್ಕೇ ಕಚ್ಚಿಕೊಂಡವು.

ಹೊಲಿಗೆಯಮ್ಮ ಕನ್ನಡಕ ಏರಿಸಿ ನೋಡಿದಳು. ಚಿಕ್ಕಂದಿನಿಂದ ನಲವತ್ತು ವರ್ಷ ಸೂಜಿಯ ಜೊತೆ ಬಾಳಿದವಳು ಅವಳು. ಸೂಜಿ ಯಾವುದಕ್ಕೆ ಅಂಟುತ್ತದೆ, ಯಾವುದಕ್ಕೆ ಅಂಟುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಥೂ, ಎಂಥ ಕಸದ ಮೇಜೇ ನಿಂದು!" ಎಂದು ಅಕ್ಕ ಸೂಜಿ ಕೊಡವಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಇಪ್ಪತ್ತು ವರ್ಷದಲ್ಲಿ ಆ ಕೈ ಮಡಿಲಲ್ಲಿ ಅಡಗಿದ್ದು ಅದೇ ಮೊದಲು. ಕಣ್ಣು ಮಾತ್ರ ಗೋಡೆಯ ಮೇಲಿತ್ತು.

ಒಳಗೆ ಕಬ್ಬಿಣ, ಮೇಲೆ ಚಿನ್ನದ ನೀರು. ಇದನ್ನೇ ಅಲ್ಲವೆ ಇವಳು ಎಲ್ಲರೆದುರಿಗೆ ನನ್ನ ಮಗಳ ಬೆರಳಿಗೆ ತೊಡಿಸಲು ಹೊರಟಿರುವುದು? ಇವಳೇನೋ ಆಗಾಗ ಗುಟ್ಟಾಗಿ ನೀರು ಹಾಕಿಸಿಕೊಂಡು ಬಂದಿರಬೇಕು. ಮಗಳ ಕೈಯಲ್ಲಿ ನಾಲ್ಕು ತಿಂಗಳಿಗೆ ಅದು ಹೋಗುತ್ತದೆ, ಬೆರಳು ಕಪ್ಪಾಗುತ್ತದೆ. ಆಗ ಆ ಮನೆಯಲ್ಲಿ ಸುಳ್ಳಿ ಅನ್ನಿಸಿಕೊಳ್ಳುವವಳು ನನ್ನ ಹುಡುಗಿ. ಈಗಲೇ ಬಾಯಿಬಿಟ್ಟರೆ? 'ಹನ್ನೆರಡು ದಿನ ಇರುವಾಗ ಉಂಗುರಕ್ಕೆ ಜಗಳ ತೆಗೆದಳು' ಎಂದು ಇವಳೇ ಊರೆಲ್ಲ ಸಾರುತ್ತಾಳೆ. ಹೊಲಿಗೆಯಮ್ಮ ಯೋಚಿಸುತ್ತ ಪರದೆಯ ಗಂಟು ಬಿಚ್ಚತೊಡಗಿದಳು.

"ಹಾಗೆ ಬಿಚ್ಚಿದ್ರೆ ಸಂಜೆ ಆಗುತ್ತೆ. ಕೊಡು ಇಲ್ಲಿ" ಎಂದು ಅಕ್ಕ ಕಸಿದುಕೊಂಡು ಪರದೆಯನ್ನು ಝಾಡಿಸಿದಳು. ಮಡಿಕೆಯೊಳಗೆ ಮಣ್ಣಿನ ಗೂಡು ಕಟ್ಟಿಕೊಂಡು ನೆಮ್ಮದಿಯಾಗಿದ್ದ ಕಡಜಕ್ಕೆ ಉಡುಗೊರೆಯ ವಿಷಯ ಗೊತ್ತಿರಲಿಲ್ಲ. ಅದು ಹೊರಬಂದು ನೇರವಾಗಿ ಉಂಗುರದ ಬೆರಳಿಗೇ ಚುಚ್ಚಿತು.

ಅಕ್ಕನ ಕೂಗಿಗೆ ಎದುರಿನ ಸೈಕಲ್ ರಿಪೇರಿಯವನು ಪಂಪು ಬಿಟ್ಟು ಓಡಿಬಂದ.

ಕಾಲು ಗಂಟೆಯಲ್ಲಿ ಬೆರಳು ಊದಿ, ಉಂಗುರ ಮಾಂಸದೊಳಗೆ ಹೂತುಹೋಯಿತು. ಸಾಬೂನು ಹಚ್ಚಿದರು, ಎಣ್ಣೆ ಹಚ್ಚಿದರು. ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಎದುರಿಗೆ ನಿಂತವಳು ಮತ್ಯಾರೂ ಅಲ್ಲ, ಹುಡುಗನ ಅಕ್ಕ ನರ್ಸು.

"ಅಯ್ಯೋ ದೊಡ್ಡಮ್ಮ! ಬನ್ನಿ, ಕೂತ್ಕೊಳ್ಳಿ." ಅವಳು ಒಂದು ಚುಚ್ಚುಮದ್ದು ಕೊಟ್ಟು, ಬೆರಳ ತುದಿ ಒತ್ತಿ ನೋಡಿದಳು. "ರಕ್ತ ಹರಿಯೋದು ನಿಂತಿದೆ. ಉಂಗುರ ಕತ್ತರಿಸ್ಬೇಕು. ತಡ ಮಾಡಿದ್ರೆ ಬೆರಳೇ ಹೋಗುತ್ತೆ." ಎಂದು ಪುಟ್ಟ ಗಾಲಿಯಂಥ ಗರಗಸ ಇರುವ ಒಂದು ಇಕ್ಕಳ ತೆಗೆದಳು. "ಚಿನ್ನ ತಾನೆ? ಚಿನ್ನ ಆದ್ರೆ ಬೆಣ್ಣೆ ಕೊಯ್ದ ಹಾಗೆ, ಈ ಸಣ್ಣ ಅಲಗೇ ಸಾಕು. ಬೇರೆ ಏನಾದ್ರೂ ಆದ್ರೆ ಈಗಲೇ ಹೇಳಿಬಿಡಿ. ಅದಕ್ಕೆ ದೊಡ್ಡಾಸ್ಪತ್ರೆಯಿಂದ ಯಂತ್ರ ತರಿಸ್ಬೇಕು."

ಬೆಂಚಿನ ಮೇಲೆ ಆರೇಳು ಜನ ಕುತ್ತಿಗೆ ಚಾಚಿದ್ದರು. ಹೊಲಿಗೆಯಮ್ಮ ಅಕ್ಕನ ಮುಖ ನೋಡಿದಳು. ಈಗಲಾದರೂ ಹೇಳುತ್ತಾಳೆ, ಬೆರಳಿಗಿಂತ ಆ ಉಂಗುರದ ಜಂಬ ದೊಡ್ಡದೇ, ಎಂದುಕೊಂಡಳು.

"ಅಪ್ಪಟ ಅಪರಂಜಿ" ಎಂದಳು ಅಕ್ಕ.

ಗರಗಸ ತಿರುಗಿತು. ಕಿರ್ರೋ ಎಂದಿತು. ಮೇಲಿನ ಹೊಳಪಿನ ಮೇಲೆ ಒಂದು ಬೂದು ಗೀರು ಮೂಡಿತೇ ಹೊರತು ಬೇರೇನೂ ಆಗಲಿಲ್ಲ. ನರ್ಸು ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ತಿರುಗಿಸಿದಳು. ಅಲಗಿನ ಹಲ್ಲು ಮುರಿಯಿತು.

"ದೊಡ್ಡಮ್ಮ, ಇದು ಚಿನ್ನದ ಹಾಗೆ ಕಾಣ್ತಿಲ್ಲ."

"ಹಳೇ ಕಾಲದ್ದಮ್ಮ! ಆಗಿನ ಚಿನ್ನ ಗಟ್ಟಿ. ಈಗಿನ ಹಾಗಲ್ಲ!" ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೆರಳು ಕಪ್ಪಾಗುತ್ತಿತ್ತು, ಬಾಯಿ ಮಾತ್ರ ತನ್ನ ಬಡಾಯಿ ಬಿಟ್ಟಿರಲಿಲ್ಲ. ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಕೆಮ್ಮೋ ನಗುವೋ, ದೇವರೇ ಬಲ್ಲ.

ಹೊಲಿಗೆಯಮ್ಮನಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಸುಮ್ಮನೆ ನೋಡುತ್ತ ಕೂತಿರಬೇಕೆನಿಸಿತು. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ, ಗುಂಡಿ ಹೊಲಿಯುವ ಮೇಣದ ದಾರದ ಉಂಡೆ ತೆಗೆದಳು.

"ನಾನೊಂದು ಸಲ ನೋಡ್ಲಾ?"

ದಾರದ ಒಂದು ತುದಿಯನ್ನು ಮೊಂಡು ಸೂಜಿಗೆ ಪೋಣಿಸಿ ಉಂಗುರದಡಿ ತೂರಿಸಿ ಅಂಗೈಯ ಕಡೆಗೆ ಎಳೆದಿಟ್ಟಳು. ಉಳಿದ ದಾರವನ್ನು ಉಂಗುರದ ಪಕ್ಕದಿಂದ ಉಗುರಿನ ಕಡೆಗೆ, ಸುತ್ತಿಗೆ ಸುತ್ತು ತಾಗಿಸಿ, ಬಾಬಿನ್ನಿಗೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿದಳು. ಪ್ರತಿ ಸುತ್ತಿಗೂ ಅಕ್ಕ ಒಬ್ಬೊಬ್ಬ ಪೂರ್ವಿಕರನ್ನು ಕರೆದಳು. ಊತ ದಾರದಡಿ ಅಡಗಿತು. ಆಮೇಲೆ ಅಂಗೈಯ ಕಡೆಯ ತುದಿ ಹಿಡಿದು ಉಗುರಿನತ್ತ ಬಿಚ್ಚುತ್ತ ಬಂದಳು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಹೆಜ್ಜೆ ಮುಂದೆ ಜಾರಿತು. ಗಿಣ್ಣಿನ ಬಳಿ ಒಂದು ಚೀರಾಟ. ಅಷ್ಟೆ. ಉಂಗುರ ಕಳಚಿ ತಟ್ಟೆಯೊಳಗೆ ಠಣ್ಣೆಂದು ಬಿತ್ತು.

ಅದು ಇದ್ದ ಜಾಗದಲ್ಲಿ ಬೆರಳ ಸುತ್ತ ಕಂದುಗಪ್ಪು ಪಟ್ಟಿ. ನರ್ಸು ಸ್ಪಿರಿಟ್ಟಿನಲ್ಲಿ ಒರೆಸಿದಳು, ಕಪ್ಪಾದ ಹತ್ತಿಯನ್ನು ನೋಡಿದಳು, ಏನೂ ಅನ್ನಲಿಲ್ಲ. ಅನ್ನದಿರುವುದನ್ನೂ ಕೆಲವರು ತುಂಬ ಚೆನ್ನಾಗಿ ಅನ್ನುತ್ತಾರೆ.

ಅಕ್ಕನಿಗೆ ಆ ಮೌನ ತಡೆಯಲಾಗಲಿಲ್ಲ. "ಇದು ದಿನಬಳಕೆಗೆ ಹಾಕ್ಕೊಳ್ಳೋದು! ಅಸಲಿ ಬ್ಯಾಂಕಿನ ಲಾಕರಲ್ಲಿ ಭದ್ರವಾಗಿದೆ. ಕಳ್ಳಕಾಕರ ಕಾಲ, ದೊಡ್ಡ ಮನೆತನದವರೆಲ್ಲ ಹೀಗೇ ಮಾಡ್ತಾರೆ" ಎಂದು ಬೆಂಚಿನ ಕೊನೆಯವರಿಗೂ ಕೇಳುವಂತೆ ಹೇಳಿದಳು.

"ಹೌದಾ? ಈಗಷ್ಟೇ ಇದೇ ಅಪರಂಜಿ ಅಂದ್ರಲ್ಲ" ಎಂದಳು ನರ್ಸು.

"ನೋವಲ್ಲಿ ಬಾಯಿಗೆ ಬಂದಿದ್ದು."

"ಹಾಗಾದ್ರೆ ಮದುವೆ ದಿನ ಲಾಕರಲ್ಲಿರೋದನ್ನೇ ತೊಡಿಸ್ತೀರಿ ಅನ್ನಿ."

ಅಕ್ಕನ ಎಡಗೈ ಕೊರಳ ಸರದಲ್ಲಿದ್ದ ಲಾಕರಿನ ಕೀಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಆ ಅಸಲಿಯನ್ನು ಅವಳೂ ತೊಟ್ಟಿರಲಿಲ್ಲ, ಸವೆದೀತೆಂಬ ಭಯ. ಕತ್ತಲೆಯಲ್ಲಿ ಅದು ತನ್ನದಾಗಿ ಇರಬೇಕು, ಬೆಳಕಿನಲ್ಲಿ ಕಬ್ಬಿಣ ಮೆರೆಯಬೇಕು, ಆ ಕಬ್ಬಿಣವೇ ಕೊನೆಗೆ ಹುಡುಗಿಯ ಪಾಲಿಗೆ ಹೋಗಬೇಕು. ಲೆಕ್ಕ ಅದು. ಆದರೆ ಈಗ ಆರೇಳು ಜನರ ಎದುರು ಇಲ್ಲವೆಂದರೆ ಮನೆತನದ ಗತಿ?

"ಮತ್ತಿನ್ನೇನು! ಅದನ್ನೇ" ಎಂದಳು.

"ಸರಿ ಅಕ್ಕ" ಎಂದಳು ಹೊಲಿಗೆಯಮ್ಮ, ದಾರ ಸುತ್ತಿಡುತ್ತ. "ಬ್ಯಾಂಕು ಎದುರು ರಸ್ತೇಲೇ ಇದೆ. ಈಗಲೇ ತಂದುಬಿಡೋಣ. ಕೀ ಹೇಗೂ ನಿಮ್ಮ ಕೊರಳಲ್ಲೇ ಇರುತ್ತಲ್ಲ."

ಅಕ್ಕ ಬಟ್ಟೆ ಸುತ್ತಿದ ಬಲಗೈಯನ್ನು ಮೇಲೆತ್ತಿದಳು. ಮುಖದಲ್ಲಿ ಮತ್ತೆ ಕಳೆ ಬಂದಿತ್ತು. "ಈ ಕೈಯಲ್ಲಿ ಸಹಿ ಹೇಗೆ ಹಾಕ್ಲೇ? ಸಹಿ ಇಲ್ದೆ ಲಾಕರ್ ತೆಗೆಯಲ್ಲ. ತಿಂಗಳಾದ್ರೂ ಬೇಕು ವಾಸಿಯಾಗೋಕೆ."

"ಎಡಗೈ ಚೆನ್ನಾಗಿದೆಯಲ್ಲ ಅಕ್ಕ. ಹೆಬ್ಬೆಟ್ಟು ಒತ್ತಿದ್ರಾಯ್ತು."

ಬ್ಯಾಂಕಿನ ಗುಮಾಸ್ತ ಅಕ್ಕನನ್ನು ವರ್ಷಗಳಿಂದ ಬಲ್ಲವನು. ಬಲಗೈ ನೋಡಿ ಕನಿಕರಪಟ್ಟು, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ. "ಆಗುತ್ತೆ ಮೇಡಂ" ಎಂದು ಮಸಿಯ ಡಬ್ಬಿ ಮುಂದಕ್ಕೆ ನೂಕಿದ. ಅಕ್ಕ ಅದನ್ನು ಸತ್ತ ಇಲಿ ನೋಡಿದ ಹಾಗೆ ನೋಡಿದಳು. ಗುಮಾಸ್ತನೇ ಅವಳ ಹೆಬ್ಬೆಟ್ಟು ಹಿಡಿದು, ಮಸಿಗೆ ಅದ್ದಿ, ಪುಸ್ತಕದ ಮೇಲೆ ಹೊರಳಿಸಿದ.

"ಹೆಬ್ಬೆಟ್ಟು ಅಂದ್ಮೇಲೆ ಸಾಕ್ಷಿ ಬೇಕು. ಸಹಿ ಮಾಡಕ್ಕೆ ಬರೋರು ಯಾರಾದ್ರೂ ಜೊತೆಗಿದಾರಾ?"

ಅಕ್ಕ ಸುತ್ತ ನೋಡಿದಳು. ಬಾಗಿಲ ಕಾವಲಿನವನು ಹೊರಗೆ ಬೀಡಿ ಸೇದುತ್ತಿದ್ದ. ಮತ್ಯಾರೂ ಇರಲಿಲ್ಲ.

ಹೊಲಿಗೆಯಮ್ಮ ಪೆನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ತನ್ನ ಪೂರ್ತಿ ಹೆಸರನ್ನು ಒಂದೇ ಒಂದು ಒತ್ತಕ್ಷರ ಬಿಡದೆ, ನಿಧಾನವಾಗಿ ಬರೆದಳು. ಅವಸರ ಮಾಡಲಿಲ್ಲ. ಯಾಕೆ ಮಾಡಬೇಕು?

ಲಾಕರಿನಿಂದ ಹೊರಬಂದ ಉಂಗುರ ಹಳೇ ಬಟ್ಟೆಚೂರಿನಲ್ಲಿತ್ತು. ತೆಳುವಾಗಿ, ಮಂಕಾಗಿ, ಹರಳು ಅಕ್ಕನ ಗಿಲೀಟಿನದಕ್ಕಿಂತ ಎಳ್ಳಷ್ಟು ಚಿಕ್ಕದು. ನಕಲು ಮಾಡಿಸುವಾಗಲೂ ಅವಳಿಗೆ ಅಸಲಿಯಷ್ಟು ಸಾಲದೆ ಹೋಗಿತ್ತು. ಹೊಲಿಗೆಯಮ್ಮ ಅಂಗಡಿಯಿಂದ ಹೊರಡುವಾಗ ಎತ್ತಿಕೊಂಡಿದ್ದ ಅಯಸ್ಕಾಂತವನ್ನು ಚೀಲದಿಂದ ತೆಗೆದು ಹತ್ತಿರ ಹಿಡಿದಳು. ಉಂಗುರ ಮಿಸುಕಲಿಲ್ಲ.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನೇ?"

"ಹಾಗೇನಿಲ್ಲ ಅಕ್ಕ. ಮೇಜಿನ ಮೇಲೆ ಯಾವಾಗ್ಲೂ ಇರುತ್ತಲ್ಲ, ಅಭ್ಯಾಸ" ಎಂದು ಅತ್ತೆಯ ಉಂಗುರವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಹೊರಗೆ ಬಂದಾಗ ಅಪರಂಜಿ ಅಕ್ಕನ ಬಲಗೈ ಬಟ್ಟೆಯೊಳಗಿತ್ತು. ಎಡಗೈ ಕರವಸ್ತ್ರದೊಳಗಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು ಹೆಬ್ಬೆಟ್ಟನ್ನು ತಿಕ್ಕುತ್ತಿದ್ದಳು, ಎಂಜಲು ಹಚ್ಚಿ ತಿಕ್ಕುತ್ತಿದ್ದಳು.

"ಈ ಮಸಿ ಹೋಗೋದೇ ಇಲ್ವೇನೇ?"

"ಹೋಗುತ್ತೆ ಅಕ್ಕ" ಎಂದಳು ಹೊಲಿಗೆಯಮ್ಮ. "ಮೂರು ದಿನ ಬೇಕು. ತಿಕ್ಕಿದಷ್ಟೂ ಹರಡುತ್ತೆ, ಸುಮ್ನೆ ಬಿಟ್ಟುಬಿಡಿ. ನಂಗೆ ಗೊತ್ತಲ್ಲ."