ಬಾಯಿಬಟ್ಟೆ

ಬಟ್ಟೆಯ ಗಂಟು ಮತ್ತೆ ಜಾರಿತು, ತಲೆಯ ಹಿಂದಿನಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ, ಗೋಡೆಯ ಕನ್ನಡಿಯಲ್ಲಿ ದವಡೆ ತಾನಾಗಿ ಕಳಚಿಕೊಂಡಿತು, ಒಳಗೆ ನಾಲಿಗೆ ಕಾಣಿಸಿತು, ದಪ್ಪ, ಒದ್ದೆ — ನಿದ್ದೆಯಲ್ಲಿ ಇದೇ ಹಿಂದಕ್ಕೆ ಬಿದ್ದು ಗಂಟಲಿಗೆ ಬಿರಡೆ ಹಾಕುತ್ತದಂತೆ, ತರೀಕೆರೆಯ ಡಾಕ್ಟರು ಮಲ್ಲಿಕಾರ್ಜುನಯ್ಯ ಬೆರಳು ಮಡಚಿ ತೋರಿಸಿದ್ದರು, ನೋಡಿ ಸೋಮಶೇಖರಪ್ಪನವರೇ, ಹೀಗೆ ಬೀಳುತ್ತೆ, ಉಸಿರು ನಿಲ್ಲುತ್ತೆ, ಮತ್ತೆ ಎದ್ದರೆ ನಿಮ್ಮ ಪುಣ್ಯ, ಇದಕ್ಕೆ ನನ್ನ ಹತ್ತಿರ ಗುಳಿಗೆ ಇಲ್ಲ, ಒರಗಿ ಮಲಗಿ, ದವಡೆ ಬೀಳದ ಹಾಗೆ ಬಟ್ಟೆ ಕಟ್ಟಿ, ಬೆಳಗಿನವರೆಗೆ ಜಾರಬಾರದು, ಅಷ್ಟೆ. ಅಷ್ಟೆ ಅಂತೆ. ಹೊರಗೆ ಬಿಸಿಲು ಇಳಿಯುತ್ತಿದೆ, ಬೀರೂರಿನ ಕಡೆಯಿಂದ ರೈಲು ಕೂಗಿತು, ಇಳಿಯಬಾರದು ಬಿಸಿಲು, ಇಳಿದರೆ ನಿದ್ದೆ, ನಿದ್ದೆ ಬಂದರೆ — ಕಡೂರಿನ ಕೊಬ್ಬರಿ ಮಂಡಿಯಲ್ಲಿ ಒಮ್ಮೆ ಕೆಮ್ಮಿದರೆ ಹಮಾಲಿಗಳು ಬೀಡಿ ಎಸೆಯುತ್ತಿದ್ದ ಮನುಷ್ಯ ಈಗ ಹಾಸಿಗೆ ಕಂಡರೆ ಬೆವರುತ್ತಾನೆ. ಎರಡೂ ಕೈ ಮತ್ತೆ ತಲೆಯ ಹಿಂದೆ ಹೋದವು, ದವಡೆ ಒತ್ತಿಹಿಡಿಯಲು ಒಂದು ಕೈ ಬೇಕು, ಎಳೆದು ಕಟ್ಟಲು ಎರಡು, ಮೂರನೆಯದನ್ನು ಶಿವ ಕೊಡಲಿಲ್ಲ, ಮತ್ತು ಈ ಗಂಟು ಒಬ್ಬರೇ ಹಾಕಿಕೊಳ್ಳುವಂಥದ್ದಲ್ಲ, ಅಲ್ಲ ಅಂತಲೇ ಅಲ್ಲವೆ ತಾನು ಅದನ್ನು ಕಂಡುಹಿಡಿದದ್ದು, ಮಂಡಿಯ ಗದ್ದುಗೆಯಲ್ಲಿ ಕೂತು, ತೆಂಗಿನ ಬುರುಡೆಗೆ ಬಟ್ಟೆ ಸುತ್ತಿ ಸುತ್ತಿ ನೋಡಿ, ಜಡೆಯ ಬುಡದಲ್ಲಿ, ತುದಿ ಒಳಕ್ಕೆ ತುರುಕಿ, ಕಟ್ಟಿಸಿಕೊಂಡವಳು ಎಳೆದಷ್ಟೂ ಬಿಗಿಯುವ ಹಾಗೆ, ಇನ್ನೊಬ್ಬರೇ ಕಟ್ಟಬೇಕು, ಇನ್ನೊಬ್ಬರೇ ಬಿಚ್ಚಬೇಕು. ಕರಟ ಒಡೆಯುವ ಹೆಂಗಸರು ಕೊಬ್ಬರಿ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಇಲಿಗಳು, ದಿನವಿಡೀ ಯಾರದಾದರೂ ಕೆನ್ನೆ ಅಲ್ಲಾಡುತ್ತಲೇ ಇರುತ್ತಿತ್ತು, ಎತ್ತಿನ ಬಾಯಿಗೆ ಕುಕ್ಕೆ ಹಾಕದೆ ಕಣಕ್ಕೆ ಇಳಿಸುತ್ತಾರೆಯೆ, ಇದೂ ಹಾಗೇ, ಬಾಯಿಬಟ್ಟೆ ಅಂತ ಹೆಸರಿಟ್ಟವರೂ ಅವರೇ. ಬೆಳಿಗ್ಗೆ ಹೆಂಡತಿ ವಿಶಾಲಾಕ್ಷಿ ಆ ಹೆಂಗಸರನ್ನು ಸಾಲಾಗಿ ಕೂರಿಸಿ ಬಾಯಿಗೆ ಕಟ್ಟುತ್ತಿದ್ದಳು, ಸಂಜೆ ಬಿಚ್ಚುತ್ತಿದ್ದಳು, ಊರು ಛೀ ಅಂದಿತು, ಆಮೇಲೆ ಬೇರೆ ಮಂಡಿಯವರು ಸದ್ದಿಲ್ಲದೆ ಬಂದು ನೋಡಿಕೊಂಡು ಹೋದರು. ಗದ್ದುಗೆಯಿಂದ ನೋಡಿದರೆ ಬಾಯಿಗಳಿಲ್ಲ, ಬಟ್ಟೆಯ ಮೇಲೆ ಬರೀ ಒದ್ದೆ ಬಿಲ್ಲೆಗಳ ಸಾಲು, ಉಸಿರಿಗೆ ಒಳಕ್ಕೆ ಹೋಗುತ್ತಿದ್ದವು, ಹೊರಕ್ಕೆ ಬರುತ್ತಿದ್ದವು, ಎಷ್ಟು ಶಾಂತವಾಗಿತ್ತು ಮಂಡಿ.

ವಿಶಾಲಾಕ್ಷಿ ಇದ್ದಿದ್ದರೆ. ಎರಡು ವರ್ಷ ಅದೇ ಗಂಟನ್ನು ಅವನ ತಲೆಗೆ ಹಾಕಿದಳು, ಹಲ್ಲಿಗೆ ಹಲ್ಲು ಕಚ್ಚುವವರೆಗೆ ಎಳೆದು, ಸ್ವಲ್ಪ ಹೆಚ್ಚೇ ಎಳೆಯುತ್ತಿದ್ದಳೋ ಏನೋ, ಮುಖ ನೋಡೋಣವೆಂದರೆ ಬೆನ್ನ ಹಿಂದೆ ನಿಂತಿರುತ್ತಿದ್ದಳು, ಕಟ್ಟಿ ಮುಗಿಸಿದ ಮೇಲೆ ಮಾತು ಶುರು, ಆ ಹೊಸ ಸೀರೆ ನಮ್ಮಕ್ಕನಿಗೆ ಕೊಟ್ಬಿಟ್ಟೆ ಕಣ್ರೀ, ನಿಮ್ಮ ತಂಗಿ ಬಂದಿದ್ಲು, ಊರಲ್ಲಿಲ್ಲ ಅಂತ ಹೇಳಿ ಕಳಿಸ್ದೆ ಕಣ್ರೀ — ಅವನಿಗೆ ಉಳಿದದ್ದು ಹ್ಞೂಂ ಅನ್ನುವುದು ಮಾತ್ರ, ಆ ಹ್ಞೂಂ ಒಪ್ಪಿಗೆಯೋ ಸಿಟ್ಟೋ ಅವಳು ಕೇಳಲಿಲ್ಲ. ಈಗ ಅಜ್ಜಂಪುರದಲ್ಲಿದ್ದಾಳೆ, ಮಗಳ ಬಾಣಂತನ, ಮಗಳು ತವರಿಗೆ ಬರಲಾರಳಂತೆ, ಅಪ್ಪನ ಗೊರಕೆಗೆ ಮಗು ಬೆಚ್ಚಿ ಬೀಳುತ್ತೆ, ನೀನೇ ಬಾರಮ್ಮ. ಬಸ್ಸಿನ ಕಿಟಕಿಯಿಂದ ವಿಶಾಲಾಕ್ಷಿ ಕೂಗಿದ್ದಳು, ಕರಿಯಣ್ಣನಿಗೆ ಹೇಳ್ಕೊಟ್ಟಿದ್ದೀನಿ, ಕಟ್ತಾನೆ — ನಗುತ್ತಿದ್ದಳೆ? ಕಟ್ಟಿದ, ಮನೆಯಾಳು ಕರಿಯಣ್ಣ, ಹೋರಿಗೆ ಮೂಗುದಾರ ಹಾಕುವ ಹಾಗೆ ಬೆನ್ನಿಗೆ ಮೊಣಕಾಲು ಕೊಟ್ಟು, ಬಾಯಿಯ ಜೊತೆ ಮೂಗೂ ಮುಚ್ಚಿತು, ಸಡಿಲ ಮಾಡೋ ಅಂದರೆ ಜಾರಿತು. ಟೈಲರ್ ಷಡಕ್ಷರಿ ಬಕಲ್ ಹಾಕಿ ಹೊಲಿದುಕೊಟ್ಟ, ಗದ್ದದ ಕೊಬ್ಬಿಗೆ ಅದೂ ಜಾರಿತು. ಜಾರಿದ ಆ ರಾತ್ರಿ — ಎದೆಯ ಮೇಲೆ ಯಾರೋ ಕೂತಿದ್ದಾರೆ, ಕಣ್ಣು ತೆರೆದಿದೆ, ಉಸಿರಿಲ್ಲ, ಕೂಗಬೇಕು, ಕೂಗುವುದಕ್ಕೆ ಗಂಟಲೇ ಇಲ್ಲ, ಕೆರೆಯ ತಳದಿಂದ ಎದ್ದವನ ಹಾಗೆ ಎದ್ದು ನೋಡಿದರೆ ಕರಿಯಣ್ಣ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಅವನನ್ನೇ ನೋಡುತ್ತ ಕೂತಿದ್ದ. ಯಾಕೋ ಎಬ್ಬಿಸ್ಲಿಲ್ಲ ಬೇವರ್ಸಿ? ಕಟ್ಟು ಅಂದಿದ್ರಿ ಅಪ್ಪೋರೆ, ಎಬ್ಸು ಅಂದಿರ್ನಿಲ್ವಲ್ಲ. ಅಂದಿನಿಂದ ಮಲಗಿಲ್ಲ, ಕಂಬಕ್ಕೆ ಒರಗುತ್ತಾನೆ, ತಲೆ ಜೋತು ಬೀಳುತ್ತದೆ, ಬೆಚ್ಚಿ ಏಳುತ್ತಾನೆ, ಕನ್ನಡಿಯಲ್ಲಿ ಅಪ್ಪ — ಅಪ್ಪನನ್ನೂ ಹೀಗೆಯೇ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆತುಂಬ ವಿಭೂತಿ, ಕೊರಳಿಗೆ ಹಾರ, ದವಡೆಗೆ ಬಿಳಿ ಬಟ್ಟೆ, ಆ ಗಂಟು ಮಾತ್ರ ಜಾರಲಿಲ್ಲ, ಗುಂಡಿಗೆ ಇಳಿಸುವವರೆಗೂ ಜಾರಲಿಲ್ಲ.

ಬಂದವ್ಳೆ, ಅಂದ ಕರಿಯಣ್ಣ ಬಾಗಿಲಲ್ಲಿ. ಓಬಮ್ಮ. ಕರಟ ಒಡೆದು ಒಡೆದು ಬೆನ್ನು ಬಾಗಿದವಳು, ವಿಶಾಲಾಕ್ಷಿ ಹೆರಿಗೆಗೆ ಹೋದಾಗಲೆಲ್ಲ ಉಳಿದ ಹೆಂಗಸರಿಗೆ ಬಟ್ಟೆ ಕಟ್ಟಿದವಳು, ಆ ಗಂಟು ಬಲ್ಲವರಲ್ಲಿ ಊರಲ್ಲಿ ಉಳಿದಿರುವವಳು ಇವಳೊಬ್ಬಳೇ, ಜಗಲಿಯ ಕೆಳಗೇ ನಿಂತಿದ್ದಾಳೆ. ಒಳಗೆ ಬಾರೇ, ಅಂದ, ಜೀವಮಾನದಲ್ಲಿ ಅವಳಿಗೆ ಅಂದಿರದ ಮಾತು, ನಾಲಿಗೆ ಮೊದಲು ಒಪ್ಪಲಿಲ್ಲ. ಇಲ್ಲೇ ಆಯ್ತು ಬುಡಿ ಸಾವ್ಕಾರ್ರೇ, ಏನು, ಕಣ್ಣು ಕೆಂಡ ಆಗವೆ, ಬಾಯಿ ಕಟ್ಟಿಸ್ಕಳಕೆ ನನ್ನ ಕರೆಸಿದ್ರಂತೆ? ಕರಿಯಣ್ಣ ಮುಖ ಆಚೆ ತಿರುಗಿಸಿಕೊಂಡ, ಬೆನ್ನು ಕುಲುಕುತ್ತಿದೆ, ನಗಲಿ, ಗಂಟು ಬೀಳಲಿ ಮೊದಲು, ಆಮೇಲೆ ಇವನ ಚರ್ಮ ಸುಲಿದರಾಯಿತು. ಹಳೇದನ್ನೆಲ್ಲ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ ಓಬಮ್ಮ, ಅಂದ. ಅವಳು ಕಣ್ಣು ಕಿರಿದು ಮಾಡಿದಳು. ಯಾವ ಹಳೆಯದು — ಅವತ್ತು ಮಂಡಿಯಲ್ಲಿ, ಬಸುರಿ ಅವಳು, ವಾಂತಿ ಒತ್ತಿ ಬಂದಿತ್ತು, ಬಿಚ್ಚಿ ಅಂತ ಕೈಸನ್ನೆ ಮಾಡಿದಳು, ವಿಶಾಲಾಕ್ಷಿ ಎದ್ದಳು, ಕೂತ್ಕೋ, ಅಂದ ಅವನು, ಕದ್ದು ತಿಂದಿರ್ತಾಳೆ, ಸಂಜೆಗೆ ಬಿಚ್ಚು. ಬಟ್ಟೆಯೊಳಗೇ ಆಯಿತು. ನುಂಗಿದಳು, ಮತ್ತೆ ಬಂತು, ಮತ್ತೆ ನುಂಗಿದಳು, ಬಾಯಿಯ ಮೇಲಿನ ಒದ್ದೆ ಬಿಲ್ಲೆ ಒಳಕ್ಕೆ ಹೋಯಿತು, ಅಲ್ಲೇ ನಿಂತಿತು, ಹೊರಕ್ಕೆ ಬರಲಿಲ್ಲ, ಕಣ್ಣುಗಳು ಮಾತ್ರ ಹೊರಕ್ಕೆ ಬಂದವು, ಆಗ ಬಿಚ್ಚಿಸಿದ, ಕನಿಕರಕ್ಕಲ್ಲ, ನೋಡಬೇಕಾಗಿತ್ತು, ಕಕ್ಕಿದ್ದನ್ನು ತೆಂಗಿನ ಗರಿಕಡ್ಡಿಯಿಂದ ಕೆದಕಿದ, ಬಿಳಿ ಚೂರು ಇದೆಯೆ, ಇರಲಿಲ್ಲ, ರಾಗಿ, ಬರೀ ರಾಗಿ, ಆದರೂ ಬಿಡಲಿಲ್ಲ, ಆಗ್ಲೇ ಅರಗಿಸ್ಕೊಂಡಿದ್ದಾಳೆ ಕಳ್ಳಿ, ಅಂದ, ಎಲ್ಲರೂ ನಕ್ಕರು, ಹೆಂಗಸರೂ ನಕ್ಕರು ಅಂತಲೇ ನೆನಪು, ಬಟ್ಟೆಯೊಳಗೆ ನಕ್ಕರೋ ಇಲ್ಲವೋ ಯಾರು ಕಂಡರು. ದಿನಾ ಸಂಜೆ ಬಂದು ಕಟ್ಟೇ, ಅಂದ ಈಗ, ಬೆಳಿಗ್ಗೆ ಬಂದು ಬಿಚ್ಚು, ಊಟ ಇಲ್ಲೇ, ನಡುಮನೆಯಲ್ಲೇ ಕೂತು ಉಣ್ಣು — ಕಪಾಟಿನಿಂದ ಉಂಡೆ ಕೊಬ್ಬರಿ ತೆಗೆದು ಚಾಚಿದ, ತಗೋ, ನನ್ನ ಮುಂದೇನೇ ತಿನ್ನು, ಯಾರು ಕೇಳ್ತಾರೆ ನೋಡೋಣ. ಒಂದು ಕೈಯಲ್ಲಿ ಕೊಬ್ಬರಿ, ಇನ್ನೊಂದರಲ್ಲಿ ಬಟ್ಟೆ. ಓಬಮ್ಮ ಮೆಟ್ಟಿಲು ಹತ್ತಿದಳು, ಕೊಬ್ಬರಿ ಬಿಟ್ಟು ಬಟ್ಟೆ ತೆಗೆದುಕೊಂಡಳು, ಅವನು ಸರ್ರನೆ ಬೆನ್ನು ತಿರುಗಿಸಿ ಕೂತ, ಹಲ್ಲು ಕಚ್ಚಿದ, ಗದ್ದ ಎತ್ತಿ ಕೊಟ್ಟ, ಅವಳ ಒರಟು ಹೆಬ್ಬೆರಳು ತಲೆಯ ಹಿಂದೆ ತನ್ನ ಜಾಗ ಹುಡುಕಿಕೊಂಡಿತು, ತುದಿ ಒಳಕ್ಕೆ ಹೋಯಿತು, ಬಿಗಿಯಿತು, ಅಯ್ಯೋ ಇದೇ, ಇದೇ ಗಂಟು, ಕೂತಲ್ಲೇ ನಿದ್ದೆ ಕಾಲಿನಿಂದ ಏರಿ ಬಂತು, ಸೊಂಟ, ಎದೆ, ರೆಪ್ಪೆ, ಶಿವಾ ಶಿವಾ — ಸಡಿಲವಾಯಿತು. ಬಿಚ್ಚಿದಳು. ಸುತ್ತಿ ಅವನ ಮೊಣಕಾಲ ಮೇಲೆ ಇಟ್ಟಳು. ಕೈಗೆ ಇನ್ನೂ ಗ್ಯಾಪ್ಕ ಐತೆ, ಅಂದಳು, ತನಗೇ ಹೇಳಿಕೊಳ್ಳುವವಳ ಹಾಗೆ. ಓಬಮ್ಮ, ಸತ್ತೋಗ್ತೀನಿ ಕಣೇ, ಅಂದ, ಅವನ ದನಿ ಅವನಿಗೇ ಗುರುತು ಸಿಗಲಿಲ್ಲ, ಮೊಣಕಾಲ ಮೇಲೆ ಬಟ್ಟೆ, ಬಟ್ಟೆಯ ನಡುವೆ ಅವನದೇ ಎಂಜಲಿನ ಒದ್ದೆ ಬಿಲ್ಲೆ, ಅವತ್ತು ಅವಳದೂ ಹೀಗೇ, ಒಳಕ್ಕೆ ಹೋಯಿತು, ಅಲ್ಲೇ ನಿಂತಿತು, ಹೊರಕ್ಕೆ ಬರಲಿಲ್ಲ, ಒದ್ದೆ ಬಿಲ್ಲೆ — ನಾ ಕಟ್ಟಾಕಿಲ್ಲ, ಅಂದಳು ಓಬಮ್ಮ.