ಒಂದೇ ಜೊತೆ ಟೈರು

ಶಿಕಾರಿಪುರದ ಚಂದ್ರಶೇಖರ್ ಅವರ ಟೈರಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: "ಎಷ್ಟ್ ವರ್ಷ ಬರ್ತತಿ?" ಮೆಕ್ಕೆಜೋಳ ಹೇರಿಕೊಂಡು ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರಿನವರಾಗಲಿ, ತಾಳಗುಂದದ ಕಡೆಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಮೊಪೆಡ್ಡಿನವರಾಗಲಿ, ಹೆಬ್ಬೆರಳಿನ ಉಗುರನ್ನು ಟೈರಿನ ಗೆರೆಯೊಳಗೆ ತುರುಕಿ ಆಳ ನೋಡುತ್ತಾರೆ, ಒಮ್ಮೆ ಗುದ್ದುತ್ತಾರೆ, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ. ಟೈರು ನೆಲವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ.

ಹಾಗಿರುವಾಗ ಮಗಳು ಅಶ್ವಿನಿ ಬಂದು, ಒಂದೇ ದಿನಕ್ಕೆ ಸವೆದುಹೋಗುವಂಥ ಟೈರು ತರಿಸಿಕೊಡು ಅಂದಾಗ ಚಂದ್ರಶೇಖರ್ ಚಹದ ಲೋಟ ಕೆಳಗಿಟ್ಟರು.

"ಒಂದ್ ದಿನಕ್ಕ?"

"ರೇಸ್ ಟ್ರ್ಯಾಕಿಗೆ ಅಪ್ಪ. ಮೆತ್ತನ್ ರಬ್ಬರು. ಗಾಡಿ ಎಷ್ಟರ ವಾಲ್ಸು, ಹಲ್ಲಿ ಗೋಡಿ ಹಿಡ್ದಂಗ ಹಿಡ್ಕೊಂತತಿ."

"ಹಲ್ಲಿನಾದ್ರೂ ವರ್ಷಗಟ್ಲೆ ಗೋಡಿ ಮ್ಯಾಲೆ ಇರ್ತತಿ," ಅಂದರು ಅವರು. "ನನ್ ಅಂಗಡಿ ಬಾಗ್ಲಾಗ ನಿಂತು ಇಂಥಾ ಮಾತಾಡಬ್ಯಾಡ. ಗಿರಾಕಿ ಕೇಳಿಸ್ಕೊಂಡಾರು."

ಗಾಳಿ ತುಂಬುವ ಪೈಪನ್ನು ಸುತ್ತುತ್ತಿದ್ದ ಮೇಘನಾ ತಲೆ ತಗ್ಗಿಸಿಯೇ ನಕ್ಕಳು. ಅವಳು ಸೊರಬ ತಾಲ್ಲೂಕಿನ ಉಳವಿಯವಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಒಂದಷ್ಟು ಕಾಲ ಮನೆಯಲ್ಲಿದ್ದು, ಆಮೇಲೆ ಈ ಅಂಗಡಿಗೆ ಬಂದವಳು. ಊಟ, ವಾಸ ಮಹಡಿಯ ಮೇಲಿನ ಮಾಲೀಕರ ಮನೆಯಲ್ಲೇ. ಅಶ್ವಿನಿಗೂ ಅವಳಿಗೂ ಒಂದೇ ವಯಸ್ಸು. ಅಶ್ವಿನಿ ಕಾಲೇಜಿಗೆ ಹೋಗಿ ಬಂದು ಮಾತಾಡುತ್ತಿದ್ದಳು, ಮೇಘನಾ ಕೇಳುತ್ತಿದ್ದಳು. ಅವರ ಸ್ನೇಹ ಬೆಳೆದದ್ದು ಹಾಗೆ. ಬೈಕ್ ಓಡಿಸುವುದನ್ನು ಕಲಿಸಿದವಳೂ ಅಶ್ವಿನಿಯೇ.

ಹೆಣ್ಣುಮಕ್ಕಳೇ ಒಂದು ದಿನ ರೇಸ್ ಟ್ರ್ಯಾಕಿನಲ್ಲಿ ತಮ್ಮ ಬೈಕು ಓಡಿಸುವ ಈ ಟ್ರ್ಯಾಕ್ ಡೇ ನಡೆಯುವುದು ಕೊಯಮತ್ತೂರಿನ ಹತ್ತಿರ. ಒಂದೇ ಬೈಕನ್ನು ಇಬ್ಬರು ಹಂಚಿಕೊಳ್ಳಬಹುದು. ಒಬ್ಬರು ಬೆಳಿಗ್ಗೆ ಮೂರು ಸಲ, ಇನ್ನೊಬ್ಬರು ಮಧ್ಯಾಹ್ನ ಮೂರು ಸಲ ಟ್ರ್ಯಾಕಿಗೆ ಇಳಿಯಬಹುದು. ಒಬ್ಬಳೇ ಹೋಗುತ್ತೇನೆಂದರೆ ಅಪ್ಪ ಬಿಡುವುದಿಲ್ಲವೆಂದು ಅಶ್ವಿನಿ ಮೇಘನಾಳ ಹೆಸರನ್ನೂ ಸೇರಿಸಿದ್ದಳು. ಅವಳ ಮಟ್ಟಿಗೆ ಅದು ಅಪ್ಪನನ್ನು ಒಪ್ಪಿಸುವ ಉಪಾಯ. ಮೇಘನಾಳಿಗೆ ಹಾಗಿರಲಿಲ್ಲ. ಅಂದಿನಿಂದ ಅವಳು ಊರಿಗೆ ಹೋಗುವ ಬಸ್ಸಿನಲ್ಲಿ ತಿರುವು ಬಂದಾಗಲೆಲ್ಲ ಎಲ್ಲರೂ ಒಂದು ಕಡೆ ವಾಲಿದರೆ ತಾನು ಬೈಕಿನ ಮೇಲಿದ್ದಂತೆ ಇನ್ನೊಂದು ಕಡೆ ವಾಲಿ, ಪಕ್ಕದವರ ಭುಜಕ್ಕೆ ತಾಗಿ ಬೈಸಿಕೊಳ್ಳುತ್ತಿದ್ದಳು. ಬೈಕು ಅಷ್ಟು ಬಾಗಿದಾಗ ನೆಲ ಎಷ್ಟು ಹತ್ತಿರ ಕಾಣಬಹುದು? ಒಂದೇ ಒಂದು ಸಲ ನೋಡಬೇಕಿತ್ತು ಅವಳಿಗೆ.

ಸಂಜೆಯ ಹೊತ್ತಿಗೆ ಚಂದ್ರಶೇಖರ್ ಮೆತ್ತಗಾದರು. "ಒಂದ್ ಜೊತೆ ಕೊಡ್ತೀನಿ. ಎರಡನೇ ಜೊತೆ ಕೇಳಂಗಿಲ್ಲ. ಗಟ್ಟಿ ರಬ್ಬರಾ, ಮೆತ್ತಂದಾ, ನೀವೇ ಆರಿಸ್ಕೊಳ್ರಿ."

ಅಶ್ವಿನಿ ಎರಡರ ಗುಣವನ್ನೂ ಬಿಡಿಸಿ ಹೇಳಿದಳು. ಗಟ್ಟಿ ರಬ್ಬರು ಟ್ರ್ಯಾಕ್ ಮುಗಿಸಿ ಬಂದ ಮೇಲೂ ವರ್ಷಗಟ್ಟಲೆ ಓಡುತ್ತದೆ, ಆದರೆ ಜಾಸ್ತಿ ವಾಲಿಸಿದರೆ ಜಾರುತ್ತದೆ. ಮೆತ್ತನೆಯದು ಬಿಸಿಯಾದಷ್ಟೂ ನೆಲಕ್ಕೆ ಅಂಟಿಕೊಳ್ಳುತ್ತದೆ, ಹಾಗೇ ಉದುರಿಯೂ ಹೋಗುತ್ತದೆ. "ಹಿಡಿತ ಬೇಕಂದ್ರ ಬಾಳ್ಕಿ ಇಲ್ಲ, ಬಾಳ್ಕಿ ಬೇಕಂದ್ರ ಹಿಡಿತ ಇಲ್ಲ. ನೀ ಏನಂತಿ ಮೇಘೀ?"

ಮೇಘನಾಳ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಓಡುತ್ತಿತ್ತು. ಬೈಕು ಅಶ್ವಿನಿಯದು, ಆದ್ದರಿಂದ ಬೆಳಗಿನ ಸರದಿ ಅವಳದು. ಅದನ್ನು ಯಾರೂ ಮಾತಾಡಿ ತೀರ್ಮಾನಿಸಿರಲಿಲ್ಲ, ಮಾತಾಡಬೇಕು ಎಂದೂ ಯಾರಿಗೂ ಅನ್ನಿಸಿರಲಿಲ್ಲ. ಅಶ್ವಿನಿಯ ಹಿಂದೆ ಕೂತು ಕೂತು ಅವಳ ಕೈ ಎಂಥದ್ದು ಎಂದು ಮೇಘನಾಳಿಗೆ ಗೊತ್ತು. ಬ್ರೇಕ್ ಹಿಡಿದರೆ ಹಿಂದಿನವರ ಮೂಗು ಅವಳ ಬೆನ್ನಿಗೆ ಬಡಿಯಬೇಕು, ಬಿಟ್ಟರೆ ಕತ್ತು ಹಿಂದಕ್ಕೆ ಜಗ್ಗಬೇಕು. ಮೆತ್ತನೆ ಟೈರು ಆ ಕೈಗೆ ಸಿಕ್ಕರೆ ಊಟದ ಹೊತ್ತಿಗೆ ಬೋಳಾಗಿರುತ್ತದೆ. ಆಗ ಮಧ್ಯಾಹ್ನ ಹೆಲ್ಮೆಟ್ ಹಿಡಿದುಕೊಂಡು ಸುಮ್ಮನೆ ನಿಲ್ಲುವುದೇ ಸರಿ. ಗಟ್ಟಿಯದಾದರೆ ತನಗೂ ಸರದಿ ಸಿಗುತ್ತದೆ, ಆದರೆ ಬೈಕು ಬಾಗುವುದಿಲ್ಲ.

"ನಿಂಗೆ ಹೆಂಗ್ ಬೇಕೋ ಹಂಗೆ ಮಾಡು ಮಾರಾಯ್ತಿ," ಅಂದುಬಿಟ್ಟಳು. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತು ಅದು. ನಾಲಿಗೆಗೆ ತಾನಾಗಿಯೇ ಬರುತ್ತಿತ್ತು. ಪೈಪು ಸುತ್ತಿ ಮೊಳೆಗೆ ಹಾಕುವಷ್ಟರಲ್ಲಿ ತನ್ನ ಮೇಲೆ ತನಗೇ ಸಿಟ್ಟು ಬಂತು.

ಆ ಸಂಜೆ ಅಡುಗೆಮನೆಯಲ್ಲಿ ಹೊಸ ಹಂಚು ಒಲೆಗೇರಿತ್ತು. ಅಶ್ವಿನಿಯ ಅಜ್ಜಿ ಹಾಲಮ್ಮ ಹಿಂದಿನ ವಾರ ಸಂತೆಯಲ್ಲಿ ತಟ್ಟಿ ತಟ್ಟಿ ನೋಡಿ ತಂದ ರೊಟ್ಟಿ ಹಂಚು ಅದು. ಅಶ್ವಿನಿ ಒಂದು ಉಂಡೆ ಹಿಟ್ಟು ತೆಗೆದುಕೊಂಡದ್ದೇ ಅಜ್ಜಿ ಅವಳ ಕೈಯಿಂದ ಕಸಿದುಕೊಂಡರು.

"ನೀ ಮುಟ್ಟಬ್ಯಾಡ. ಮೊದ್ಲು ಮೇಘನಾ ನಾಕ್ ದಿನ ಪಳಗಿಸ್ಲಿ."

"ಯಾಕಜ್ಜಿ, ನನ್ ಕೈಯಾಗ ಏನ್ ವಿಷ ಐತೇನು?"

"ಉರಿ ಐತಿ. ಹೋದ್ ಹಂಚು ಯಾರ್ ಕೈಯಾಗ ಸೀಳಿತು? ಬಂದ ದಿನಾನೇ ಧಗಧಗ ಬೆಂಕಿ ಹಚ್ಚಿದ್ಯಲ್ಲ. ಇಕಿ ಸಣ್ಣ ಉರಿಯಾಗ ಎಣ್ಣಿ ಸವರಿ ಹದಕ್ಕ ತಂದಿಟ್ರ, ಆಮ್ಯಾಲೆ ನೀ ಏನರ ಮಾಡ್ಕ, ತಡ್ಕೊಂತತಿ."

ಚಂದ್ರಶೇಖರ್ ತಟ್ಟೆಯ ಮುಂದೆ ಕೂತು ನಗುತ್ತಿದ್ದರು. ಮೇಘನಾ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹಂಚನ್ನೇ ನೋಡಿದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಮೆತ್ತಂದೇ ಹಾಕ್ಸು ಅಶ್ವಿನಿ," ಅಂದಳು, ಹಂಚಿಗೇ ಹೇಳುವಂತೆ. "ಆದ್ರೆ ನಾನು ಮೊದ್ಲು ಹೋಗ್ತೀನಿ."

ಅಜ್ಜಿ ರೊಟ್ಟಿ ತಿರುವುವುದನ್ನು ಮರೆತರು.

"ಗಾಡಿ ನಂದಲೇ," ಅಂದಳು ಅಶ್ವಿನಿ. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು ದನಿಯಲ್ಲಿ.

"ಅಲ್ಲ, ನೀನು ಮೊದ್ಲು ಹೋದ್ರೆ ನಂಗೆ ಎಂತ ಉಳಿತೈತೆ ಹೇಳು? ನಾನು ಮೆಲ್ಲಗೆ ಓಡ್ಸೋಳು. ಮೂರು ಸಲ ಹೋಗಿ ಬಂದ್ರೂ ಟೈರು ಹಂಗೇ ಇರ್ತೈತೆ. ಮಧ್ಯಾಹ್ನ ನೀನು ಉರಿಸ್ಕೊ. ಇಬ್ರಿಗೂ ಹಿಡಿತ ಸಿಗ್ತೈತೆ."

ಇಷ್ಟು ಉದ್ದದ ಮಾತನ್ನು ಅವಳು ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ಮುಗಿಸುವ ಹೊತ್ತಿಗೆ ಕೈಯಲ್ಲಿದ್ದ ಉಂಡೆ ಚಪ್ಪಟೆಯಾಗಿತ್ತು.

ಚಂದ್ರಶೇಖರ್ ಬೆರಳು ನೆಕ್ಕಿದರು. "ಖರೇ ಐತಿ ನೋಡು. ಹೊಸಾ ಟೈರಿಗೆ ಮ್ಯಾಲೊಂದು ನುಣುಪು ಇರ್ತತಿ, ಮೊದ್ಲು ಹಗೂರಕ ಓಡ್ಸಿ ಅದನ್ನ ತೆಗೀಬೇಕು. ಇಲ್ಲಂದ್ರ ಮೊದಲ್ನೇ ತಿರುವಿನಾಗ ನೆಲಾ ನೆಕ್ತೀ."

"ಎಲ್ರೂ ಸೇರ್ಕೊಂಡ್ರಿ," ಅಂದಳು ಅಶ್ವಿನಿ. ಮುಖ ಊದಿಸಿಕೊಂಡು ಎರಡು ರೊಟ್ಟಿ ತಿಂದಳು. ಮೂರನೆಯದಕ್ಕೆ ಕೈ ಚಾಚುತ್ತ, "ಆಗ್ಲಿ ಹೋಗೇ, ಹಂಚಿನ ಪಂಡಿತೆ. ಆದ್ರ ಒಂದ್ ಮಾತು. ನನ್ ಟೈರು ಹಾಳ್ ಮಾಡಿದ್ಯೋ, ಉಳವಿ ತನಕ ನಡಸ್ತೀನಿ ನಿನ್ನ," ಅಂದಳು.

"ಇಕಿಯಾ? ಇಕಿ ಹಾಳ್ ಮಾಡ್ತಾಳಾ?" ಎಂದು ಅಜ್ಜಿ ನಕ್ಕರು. ಮೇಘನಾಳೂ ನಕ್ಕಳು.

ಅಂಗಡಿಯ ಪಿಕಪ್ಪಿನಲ್ಲಿ ಬೈಕು ಕಟ್ಟಿಕೊಂಡು, ಚಂದ್ರಶೇಖರರೇ ಓಡಿಸಿಕೊಂಡು, ಮೂವರೂ ಕೊಯಮತ್ತೂರು ತಲುಪಿದರು. ಟ್ರ್ಯಾಕಿನಲ್ಲಿ ಬಾಡಿಗೆಗೆ ಸಿಕ್ಕ ಚರ್ಮದ ದಿರಿಸು ಒಂದೇ, ಅದನ್ನೂ ಹಂಚಿಕೊಳ್ಳಬೇಕಾಯಿತು. ಮೊಣಕಾಲಿನ ಹತ್ತಿರ ಅಂಗೈಯಗಲದ ಹೊಸ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ್ದರು. ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗುವವರಿಗೆ ಅದು, ನಿನಗೇನೂ ಬೇಕಾಗುವುದಿಲ್ಲ ಬಿಡು, ಎಂದು ಅಶ್ವಿನಿ ಹೇಳಿದಳು. ಚಂದ್ರಶೇಖರ್ ಹಿಡಿತ ಹೆಚ್ಚಲೆಂದು ಟೈರಿನ ಗಾಳಿಯನ್ನು ಮಾಮೂಲಿಗಿಂತ ಕಡಿಮೆ ಮಾಡಿದರು. ಎಷ್ಟೋ ವರ್ಷಗಳಿಂದ ಗಾಳಿ ತುಂಬುತ್ತಲೇ ಬಂದ ಆ ಕೈಗೆ ಬಿಡುವುದು ಕಷ್ಟವಾಗುತ್ತಿದ್ದುದು ಕಾಣುತ್ತಿತ್ತು.

ಮೊದಲ ಸಲ ಟ್ರ್ಯಾಕಿಗಿಳಿದಾಗ ಮೇಘನಾ ಹೇಳಿದ ಹಾಗೇ ಮೆಲ್ಲಗೆ ಓಡಿಸಿದಳು. ತಿರುವಿಗೆ ಸ್ವಲ್ಪ, ಇನ್ನೊಂದು ತಿರುವಿಗೆ ಇನ್ನೊಂದಿಷ್ಟು ವಾಲಿಸಿ, ಹಂಚಿಗೆ ಎಣ್ಣೆ ಸವರುವಂತೆ ಟೈರಿನ ನುಣುಪು ತೆಗೆದಳು. ಎಲ್ಲರೂ ಅವಳನ್ನು ದಾಟಿ ಹೋದರು. ದಾಟಿ ಹೋದವರನ್ನು ಅವಳು ನೋಡಿದಳು: ಎಲ್ಲಿ ಬ್ರೇಕ್ ಹಿಡಿಯುತ್ತಾರೆ, ಎಲ್ಲಿ ತಲೆ ತಿರುಗಿಸುತ್ತಾರೆ, ಎಲ್ಲಿ ಬ್ರೇಕ್ ಬಿಡುತ್ತಾರೆ. ನೋಡುವುದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಎರಡನೇ ಸಲ ಇಳಿಯುವ ಹೊತ್ತಿಗೆ ಬಿಸಿಲೇರಿತ್ತು. ದೊಡ್ಡ ಎಡ ತಿರುವಿನಲ್ಲಿ ಅವಳು ಬೈಕನ್ನು ಬಾಗಿಸಿದಳು. ಸಾಕು ಅನ್ನಿಸುವಷ್ಟು ಬಾಗಿದ ಮೇಲೂ ಟೈರು ಜಾರಲಿಲ್ಲ. ಇನ್ನೂ ಬಾಗಿಸಿದಳು. ಅದು ಇನ್ನೂ ಹಿಡಿದುಕೊಂಡಿತು. ಅಂಗಡಿಯ ಮೊಪೆಡ್ಡಿನಲ್ಲಿ ಜಲ್ಲಿ ಕಂಡರೆ ಕಾಲು ಕೆಳಗಿಡುತ್ತಿದ್ದ ಅವಳಿಗೆ ಯಾರೋ ಸೊಂಟಕ್ಕೆ ಕೈ ಹಾಕಿ, ಬೀಳಲ್ಲ ಬಾ ಅಂದಂತಾಯಿತು. ಟಾರಿನ ಸಣ್ಣ ಸಣ್ಣ ಹರಳುಗಳು ಪಕ್ಕದಲ್ಲೇ, ಕೈಗೆಟಕುವಂತೆ, ಹೊಳೆಯುತ್ತ ಓಡಿದವು. ನೆಲ ಅಷ್ಟು ಹತ್ತಿರವಿತ್ತು.

ಮೆಲ್ಲಗೆ ಓಡಿಸುವ ಮಾತು ಆಮೇಲೆ ಅವಳಿಗೆ ನೆನಪಾಗಲೇ ಇಲ್ಲ. ಮೂರನೇ ಸಲ ದಾಟಿ ಹೋದವಳು ಅವಳು. ಹೆಲ್ಮೆಟ್ಟಿನೊಳಗೆ ಏನೋ ಕೂಗುತ್ತಿದ್ದಳು. ಏನೆಂದು ಅವಳಿಗೇ ಗೊತ್ತಿರಲಿಲ್ಲ.

ಬೈಕು ನಿಂತದ್ದೇ ಅಶ್ವಿನಿ ಹಿಂದಿನ ಟೈರಿನ ಬಳಿ ಕುಕ್ಕರುಗಾಲಲ್ಲಿ ಕೂತಳು. ವಾಲಿಸಲು ಹೆದರುವವರ ಟೈರಿನಲ್ಲಿ ಎರಡೂ ಅಂಚಿಗೆ ನೆಲ ಮುಟ್ಟದ ಹೊಸ ಪಟ್ಟಿ ಅಗಲವಾಗಿ ಉಳಿದಿರುತ್ತದೆ. ಅವಳು ಹುಡುಕಿದ್ದು ಅದನ್ನೇ. ಉಳಿದಿದ್ದದ್ದು ಒಂದು ಅಕ್ಕಿಕಾಳಿನಷ್ಟು. ಅಂಚಿನುದ್ದಕ್ಕೂ ರಬ್ಬರು ಕರಗಿ ಸಾಸಿವೆಯಂತೆ ಕಾಳುಕಟ್ಟಿಕೊಂಡಿತ್ತು. ಅರ್ಧಕ್ಕೂ ಹೆಚ್ಚು ಟೈರು ಮುಗಿದಿತ್ತು.

"ಅಪ್ಪಾ, ಬಾ ಇಲ್ಲಿ. ಸಣ್ಣ ಉರಿಯೋಳು ಏನ್ ಮಾಡ್ಯಾಳ ನೋಡು."

ಚಂದ್ರಶೇಖರ್ ಬಂದು, ಅಭ್ಯಾಸಬಲದಿಂದ ಹೆಬ್ಬೆರಳಿನ ಉಗುರನ್ನು ಗೆರೆಯೊಳಗೆ ತುರುಕಲು ಹೋದರು. ಉಗುರು ಅರ್ಧವೂ ಒಳಗೆ ಹೋಗಲಿಲ್ಲ.

ಮೇಘನಾ ಹೆಲ್ಮೆಟ್ ತೆಗೆದಳು. ಮುಖವೆಲ್ಲ ಕೆಂಪಾಗಿತ್ತು. "ತಪ್ಪಾಯ್ತು ಮಾರಾಯ್ತಿ. ಅದು ಹಿಡ್ಕಂಡೇ ಹೋಯ್ತು, ನಾನೂ ಹಂಗೇ ಹೋದೆ. ಎಂತ ಮಾಡ್ಲಿ?"

ಅಶ್ವಿನಿ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಸಾಸಿವೆಯಂಥ ರಬ್ಬರನ್ನು ಬೆರಳಿನಲ್ಲಿ ತೆಗೆದು ಮೇಘನಾಳ ಹಣೆಗೆ ಬೊಟ್ಟಿಟ್ಟಳು. ಇಬ್ಬರೂ ಗೋಡೆಗೆ ಒರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಉಳಿದಿದ್ರಾಗ ಎರಡು ಸುತ್ತು ಉರಿಸ್ಲೋ, ಸಂಜೀ ತನಕ ಮೆಲ್ಲಗ ಹೋಗ್ಲೋ?" ಎಂದು ಆಮೇಲೆ ಅಶ್ವಿನಿ ಕೇಳಿದಳು.

"ಸಂಜೆ ತನಕ ಹೋಗು," ಅಂದಳು ಮೇಘನಾ. ಈ ಸಲ ಯೋಚಿಸಬೇಕಾಗಲಿಲ್ಲ. "ಒಂದ್ ಸಲ ನನ್ನಂಗೆ ಓಡ್ಸಿ ನೋಡು."

ಮಧ್ಯಾಹ್ನವಿಡೀ ಅಶ್ವಿನಿ ಮದುವಣಗಿತ್ತಿಯ ಹಾಗೆ ಸುತ್ತು ಹಾಕಿದಳು. ಎಲ್ಲರೂ ಅವಳನ್ನು ದಾಟಿದರು. ಬೇಲಿಯ ಬಳಿ ನಿಂತ ಮೇಘನಾ ಅವಳು ಎದುರಿಗೆ ಬಂದಾಗಲೆಲ್ಲ ಅಂಗೈ ಕೆಳಗೆ ಮಾಡಿ ಉರಿ ಸಣ್ಣ ಮಾಡು ಎಂದು ಸನ್ನೆ ಮಾಡುತ್ತಿದ್ದಳು. ಹಾಗೆ ಓಡಿಸುವುದರಲ್ಲೂ ಒಂದು ಸುಖವಿದೆ, ಸುತ್ತಮುತ್ತಲ ಗುಡ್ಡಗಳೆಲ್ಲ ಕಾಣುತ್ತವೆ ಎಂದು ಅಶ್ವಿನಿ ಕೊನೆಯ ಬಾವುಟ ಬೀಸಿದ ಮೇಲೆ ಒಪ್ಪಿಕೊಂಡಳು.

ಅವರು ಬೈಕನ್ನು ಪಿಕಪ್ಪಿಗೆ ಏರಿಸುತ್ತಿರುವಾಗ ತಿರುವುಗಳಲ್ಲಿ ನಿಂತು ಸವಾರರಿಗೆ ಬಾವುಟ ತೋರಿಸುವವರಲ್ಲಿ ಒಬ್ಬಳು ಹತ್ತಿರ ಬಂದಳು. ಸುಷ್ಮಿತಾ ಎಂದು ಹೆಸರು, ಮೈಸೂರಿನವಳು. ದಿನವಿಡೀ ದೊಡ್ಡ ಎಡ ತಿರುವಿನಲ್ಲಿ ನಿಂತಿದ್ದಳು. ಅವಳಿಗೆ ಕಂಡದ್ದು ಒಂದೇ ಬೈಕು, ಒಂದೇ ದಿರಿಸು, ಒಂದೇ ಹೆಲ್ಮೆಟ್ಟು. ಚರ್ಮದ ದಿರಿಸಿನಲ್ಲೇ ಇದ್ದ ಅಶ್ವಿನಿಯ ಬೆನ್ನು ತಟ್ಟಿದಳು.

"ಬೆಳಿಗ್ಗೆ ಎಷ್ಟು ಚೆನ್ನಾಗಿ ಓಡ್ಸಿದ್ರಿ ರೀ ನೀವು. ಮಧ್ಯಾಹ್ನ ಯಾಕೆ ಹೆದರ್ಕೊಂಡ್ರಿ?"

ಅಶ್ವಿನಿ ಬಾಯಿ ತೆರೆದಳು, ಮೇಘನಾಳ ಕಡೆ ನೋಡಿದಳು, ಮುಚ್ಚಿದಳು. ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಎಷ್ಟು ಕಷ್ಟವೋ, ತೆರೆಯುವುದು ಮೇಘನಾಳಿಗೆ ಅಷ್ಟೇ ಕಷ್ಟ.

"ಬೆಳಿಗ್ಗೆ ಓಡ್ಸಿದ್ದು ನಾನು," ಅಂದಳು ಮೇಘನಾ.

"ನೀವಾ? ಆ ಎಡ ತಿರುವಲ್ಲಿ ನಿಮ್ಮ ಮೊಣಕಾಲು ಇನ್ನೇನು ನೆಲಕ್ಕೆ ತಾಗೇಬಿಡತ್ತೆ ಅಂದ್ಕೊಂಡೆ."

ಮೇಘನಾ ಬಗ್ಗಿ, ಅಶ್ವಿನಿಯ ಎಡ ಮೊಣಕಾಲಿನ ಮೇಲಿದ್ದ ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದಳು. ಅದರ ಅಂಚಿನಲ್ಲಿ ಉಗುರಿನಗಲದ ಒರಟು ಗೀರು.

"ತಾಗ್ತು," ಅಂದಳು.